ಕುರ್ಚಿ ಹಾಕುವವರ ಸಮ್ಮೇಳನ

“ತಯಾರಿ ಸರಿ ಇದ್ರೆ ಎಡವಟ್ಟು ಆಗ್ತಿಲ್ಲೆ” ಎಂದು ನಮ್ಮ ಅಜ್ಜಿ ನನ್ನ ಬಾಲ್ಯದುದ್ದಕ್ಕೂ ಹೇಳುತ್ತಿದ್ದರು. ಪರೀಕ್ಷೆಗೆ ಹೊರಟಾಗ ಹೇಳುತ್ತಿದ್ದರು, ನೆಂಟರ ಮನೆಗೆ ಹೊರಟಾಗ ಹೇಳುತ್ತಿದ್ದರು, ಪಕ್ಕದ ಮನೆಯಿಂದ ಹೆಪ್ಪು ತರಲು ಕಳುಹಿಸುವಾಗಲೂ ಹೇಳುತ್ತಿದ್ದರು. ನಾನು ಆ ಮಾತನ್ನು ನಂಬಿಕೊಂಡೇ ಬೆಳೆದೆ. ಆದರೆ ಶಿರಸಿಯ ಒಂದು ವ್ಯವಹಾರ ಶಿಕ್ಷಣ ಸಂಸ್ಥೆಯಲ್ಲಿ ಸಂಯೋಜಕಿಯಾಗಿ ಸೇರಿದ ಮೇಲೆ ಅದರ ಸತ್ಯಾಸತ್ಯತೆಯ ಬಗ್ಗೆ ನನಗೆ ಗಂಭೀರವಾದ ಅನುಮಾನಗಳು ಹುಟ್ಟಿಕೊಂಡಿವೆ. ತಯಾರಿಯೇ ಇಲ್ಲದ ದಿನ ನಮ್ಮಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದುಹೋಗುತ್ತದೆ. ತಯಾರಿ ಪರಿಪೂರ್ಣವಾಗಿದ್ದ ದಿನವೇ ಎಡವಟ್ಟುಗಳು ನೆಂಟರಂತೆ ಒಂದರ ಹಿಂದೊಂದು ಬಂದು ಕೂರುತ್ತವೆ. ಅಜ್ಜಿ ಎಂದೂ ಸಮ್ಮೇಳನ ನಡೆಸಿದವರಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಮೊದಲು ನನ್ನ ಕೆಲಸವನ್ನು ವಿವರಿಸಬೇಕು. ನಮ್ಮ ಸಂಸ್ಥೆಯಲ್ಲಿ ಈಗಾಗಲೇ ಉದ್ಯೋಗ, ವ್ಯಾಪಾರಗಳಲ್ಲಿ ತೊಡಗಿರುವವರಿಗೆ ಶನಿವಾರ, ಭಾನುವಾರ ವ್ಯವಹಾರ ನಿರ್ವಹಣೆಯ ಪಾಠ ನಡೆಯುತ್ತದೆ. ಪಾಠ ಮಾಡುವವರು ಪ್ರಾಧ್ಯಾಪಕರು; ಓದುವವರು ಸಹಕಾರಿ ಸಂಘದ ಮ್ಯಾನೇಜರುಗಳು, ಅಂಗಡಿ ಮಾಲೀಕರು, ಲಾರಿ ಮಾಲೀಕರು. ಇವರಿಬ್ಬರ ನಡುವೆ ಕುರ್ಚಿ ಹಾಕಿಸುವ, ಮೈಕು ಸರಿಪಡಿಸುವ, ಚಹಾ ತರಿಸುವ, ಬಾರದವರಿಗೆ ಫೋನು ಮಾಡುವ ಪ್ರಾಣಿಗೆ ಸಂಯೋಜಕರು ಎಂದು ಹೆಸರು. ಕನ್ನಡದಲ್ಲಿ ಎಂ.ಎ. ಮಾಡಿದ ನಾನು ಈ ಕೆಲಸಕ್ಕೆ ಬಂದದ್ದನ್ನು ನೋಡಿ ನನ್ನ ಸಹಪಾಠಿಗಳು ಮರುಗಿದರು. ನಾನು ಮಾತ್ರ ಒಂದು ದೊಡ್ಡ ಉದ್ದೇಶವನ್ನು ಇಟ್ಟುಕೊಂಡೇ ಬಂದಿದ್ದೆ.

ಆ ಉದ್ದೇಶ ಇಷ್ಟೇ: ಈ ಪಾಠವೆಲ್ಲ ಕನ್ನಡದಲ್ಲಿ ನಡೆಯಬೇಕು. ಯಲ್ಲಾಪುರದಿಂದ ಶಿವಮೊಗ್ಗದವರೆಗೆ ಲಾರಿಗಳನ್ನು ಓಡಿಸುವ ಒಬ್ಬ ಸಾಹೇಬರು ಇಂಗ್ಲಿಷ್ ತರಗತಿಯಲ್ಲಿ ಇಡೀ ವರ್ಷ ಒಂದು ಮಾತೂ ಆಡದೆ ಕುಳಿತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಾಡಿಬೇಡಿ, ಪ್ರಾಯೋಗಿಕವಾಗಿ ಒಂದು ಕನ್ನಡ ತಂಡಕ್ಕೆ ಒಪ್ಪಿಗೆ ಪಡೆದೆ. ಸಾಹೇಬರು ಅದಕ್ಕೂ ಸೇರಿಕೊಂಡರು. ಮೊದಲನೆಯ ದಿನವೇ ನಾನು ಬಹಳ ಶ್ರಮಪಟ್ಟು ರೂಪಿಸಿದ ‘ನಗದು ಪ್ರವಾಹ’ ಎಂಬ ಪದವನ್ನು ಕೇಳಿ, “ಮೇಡಂ, ಪ್ರವಾಹ ಎಲ್ಲ ಬೇಡ. ದುಡ್ಡು ಬರೋದು, ಹೋಗೋದು ಅನ್ನಿ, ಸಾಕು” ಎಂದರು. ಅಂದಿನಿಂದ ಅವರ ಬಾಯಿ ಮುಚ್ಚಿಸಲು ಯಾವ ಪ್ರಾಧ್ಯಾಪಕರಿಂದಲೂ ಆಗಿಲ್ಲ.

ತಂಡ ಮುಂದುವರಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ನಮ್ಮ ಕೇಂದ್ರ ಕಚೇರಿಯ ಅಧ್ಯಕ್ಷರು. ಅದೇ ಹೊತ್ತಿಗೆ, ನಾಡಿನ ಬೇರೆ ಬೇರೆ ಊರುಗಳಲ್ಲಿ ನನ್ನಂಥದೇ ಕೆಲಸ ಮಾಡುವ ಸಂಯೋಜಕರ ವೃತ್ತಿ ಅಭಿವೃದ್ಧಿ ಸಮ್ಮೇಳನವನ್ನು ಶಿರಸಿಯಲ್ಲಿ ನಡೆಸುವುದೆಂದು ನಿಶ್ಚಯವಾಯಿತು. ಅಧ್ಯಕ್ಷರು ಫೋನಿನಲ್ಲಿ ನನಗೆ ಹೇಳಿದರು: “ನಾನು ಮೂರು ದಿನವೂ ಅಲ್ಲಿರುತ್ತೇನೆ. ಕನ್ನಡದಲ್ಲಿ ಕಲಿಯಬೇಕೆಂಬ ಬೇಡಿಕೆ ನಿಜವಾಗಿಯೂ ಇದೆಯೋ, ಅಥವಾ ಅದು ನಿಮ್ಮೊಬ್ಬರ ಆಸೆಯೋ, ನೋಡುತ್ತೇನೆ. ಕೊನೆಯ ದಿನ ಊಟದ ನಂತರ ನಿರ್ಧಾರ ತಿಳಿಸುತ್ತೇನೆ. ಆ ದಿನ ನಿಮ್ಮ ತಂಡದವರೂ ಬರಲಿ.”

ನಾನು ತಯಾರಿ ಆರಂಭಿಸಿದೆ.

ಕರೆ

ತಂಡದವರೆಲ್ಲರಿಗೂ ಫೋನಿನಲ್ಲಿ ಒಂದು ಸುಂದರವಾದ ಆಮಂತ್ರಣವನ್ನು ಕಳುಹಿಸಿದೆ. ಎಲ್ಲರೂ ನೋಡಿದ್ದಾರೆಂದು ಎರಡೆರಡು ನೀಲಿ ಗುರುತುಗಳು ಸಾಕ್ಷಿ ನುಡಿದವು. ಉತ್ತರ ಮಾತ್ರ ಒಬ್ಬರಿಂದಲೂ ಬರಲಿಲ್ಲ. ಮರುದಿನ ಮತ್ತೊಮ್ಮೆ ಕಳುಹಿಸಿದೆ. ಅದೇ ನೀಲಿ, ಅದೇ ಮೌನ. ಕನ್ನಡ ತಂಡದ ಬೇಡಿಕೆ ನನ್ನ ಫೋನಿನಲ್ಲಿಯೇ ಸತ್ತುಹೋಗುತ್ತಿದೆಯೆಂದು ಗಾಬರಿಯಾಗಿ, ಸಿದ್ದಾಪುರ ತಾಲೂಕಿನ ಸಹಕಾರಿ ಸಂಘವೊಂದರ ಮ್ಯಾನೇಜರ್ ಭಟ್ಟರಿಗೆ ಫೋನು ಮಾಡಿದೆ. ಅವರು ನಮ್ಮ ತಂಡದಲ್ಲಿ ಅತ್ಯಂತ ಉತ್ಸಾಹಿಗಳು.

“ಭಟ್ಟರೇ, ಆಮಂತ್ರಣ ತಲುಪಲಿಲ್ಲವೇ?”

“ಮೆಸೇಜು ಬೈಂದು ತಂಗಿ. ಚಂದ ಇದ್ದು.”

“ಹಾಗಾದರೆ ಬರುತ್ತೀರಲ್ಲ?”

“ಕರೀದೇ ಹ್ಯಾಂಗೆ ಬಪ್ಪದು?”

ತಪ್ಪು ಆಗ ಹೊಳೆಯಿತು. ನಮ್ಮ ಕಡೆ ಕಾಗದ ಬರುವುದು ಸುದ್ದಿ ತಿಳಿಸಲು; ಕರೆಯಲು ಮನುಷ್ಯರೇ ಹೋಗಬೇಕು. ಮದುವೆಯ ಪತ್ರಿಕೆಯನ್ನು ಅಂಚೆಯಲ್ಲಿ ಕಳುಹಿಸಿದವರ ಮನೆಯ ಮದುವೆಗೆ ಯಾರೂ ಹೋಗದೆ, ಹೋಗದಿದ್ದದ್ದಕ್ಕೆ ಯಾರೂ ಬೇಸರಿಸದೆ ಇರುವುದನ್ನು ನಾನೇ ನೋಡಿದ್ದೇನೆ. ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿದೆ.

ಭಟ್ಟರ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ “ಆಸ್ರಿಗೆ ಎಂತ ಅಡ್ಡಿಲ್ಲೆ? ಚಾ? ಕಷಾಯ?” ಎಂದು ಕುಡಿಯಲು ಏನಾಗಬಹುದೆಂಬ ಪ್ರಶ್ನೆ ಬಂತು. ಏನೂ ಬೇಡವೆನ್ನುವುದಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಕಷಾಯ ಕುಡಿದೆ. ಅವರ ಅಣ್ಣನ ಮನೆಯಲ್ಲಿ ಮಜ್ಜಿಗೆ ಕುಡಿದೆ. ಮಾಗೋಡಿನ ಹತ್ತಿರ ಜಲಪಾತ ನೋಡಲು ಬರುವವರಿಗೆ ಊಟ, ವಸತಿ ಒದಗಿಸುವ ಅಕ್ಕನೊಬ್ಬರು ನಮ್ಮ ತಂಡದಲ್ಲಿದ್ದಾರೆ; ಅವರ ಮನೆಯಲ್ಲಿ ಮೊದಲು ಎಳನೀರು, ಅದು ಲೆಕ್ಕಕ್ಕಿಲ್ಲವೆಂದು ಹೇಳಿ ಆಮೇಲೆ ಕೋಕಂ ಪಾನಕ. ಯಲ್ಲಾಪುರದಲ್ಲಿ ಲಾರಿ ಸಾಹೇಬರ ತಾಯಿ ಶರಬತ್ತು ಕೊಟ್ಟು, ಲೋಟ ಕೆಳಗಿಡುವುದರೊಳಗೆ ಇನ್ನೊಮ್ಮೆ ತುಂಬಿಸಿದರು. ಪ್ರತಿ ಮನೆಯಲ್ಲಿಯೂ ನಾನು ಹೊರಡುವಾಗ, ಚಿಕ್ಕಂದಿನಿಂದ ಕೇಳಿದ ರೂಢಿಯಂತೆ, ಬಾಗಿಲಲ್ಲಿ ನಿಂತು ಕೈಮುಗಿದು ಹೇಳಿದೆ: “ಖಂಡಿತ ಬರಬೇಕು. ಮನೆಯವರೆಲ್ಲ ಬರಬೇಕು.”

ಸಾಹೇಬರು ಗೇಟಿನವರೆಗೆ ಬಂದು ಕೇಳಿದರು. “ಮೇಡಂ, ಎಲ್ಲರೂ ಅಂದ್ರೆ ಟೆಂಪೋ ಸಾಕಾ, ಬಸ್ಸೇ ಮಾಡ್ಲಾ?”

ನಾನು ಮನಸಾರೆ ನಕ್ಕೆ. ಸ್ಕೂಟರ್ ತಿರುಗಿಸಿ ನೋಡಿದಾಗ ಸಾಹೇಬರು ನಗುತ್ತಿರಲಿಲ್ಲ. ಯಾರಿಗೋ ಫೋನು ಮಾಡುತ್ತಿದ್ದರು.

ಹಿಂದಿನ ಗೋಡೆ

ಸಮ್ಮೇಳನದ ಮೊದಲನೆಯ ದಿನ. ಸಭಾಂಗಣದಲ್ಲಿ ಕುರ್ಚಿಗಳನ್ನು ನೂಲು ಹಿಡಿದಂತೆ ಸಾಲಾಗಿ ಹಾಕಿಸಿದ್ದೆ. ಅಧ್ಯಕ್ಷರು ಸಮಯಕ್ಕೆ ಸರಿಯಾಗಿ ವೇದಿಕೆಯೇರಿ ನೋಡಿದರೆ, ಒಂದು ಕುರ್ಚಿಯಲ್ಲಿಯೂ ಮನುಷ್ಯರಿಲ್ಲ. ಬಂದಿದ್ದ ಸಂಯೋಜಕರೆಲ್ಲರೂ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿನ ಆಚೀಚೆ, ಕೈಕಟ್ಟಿಕೊಂಡು ನಿಂತಿದ್ದಾರೆ.

ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಸಂಯೋಜಕರು ತಮ್ಮ ಜೀವಮಾನದಲ್ಲಿ ಸಾವಿರ ಸಭೆಗಳನ್ನು ನೋಡಿರುತ್ತಾರೆ, ಒಂದರಲ್ಲಿಯೂ ಕುಳಿತಿರುವುದಿಲ್ಲ. ನಾನು ಒಬ್ಬೊಬ್ಬರ ಬಳಿಗೂ ಹೋಗಿ ಕೂರಬೇಕೆಂದು ವಿನಂತಿಸಿದೆ. “ನೀವು ಕೂತ್ಕೊಳ್ಳಿ, ನಾನು ಇಲ್ಲೇ ಇರ್ತೇನೆ” ಎಂದು ಎಲ್ಲರೂ ನನ್ನನ್ನೇ ಕೂರಿಸಲು ನೋಡಿದರು. ಧಾರವಾಡದ ಕಡೆಯ ಒಬ್ಬ ಹಿರಿಯ ಮೇಡಂ ಮಾತ್ರ ಸ್ಪಷ್ಟವಾದ ಕಾರಣ ಕೊಟ್ಟರು.

“ಎಲ್ಲಾರೂ ಕುಂತ್ರ ನೋಡ್ಕೊಳ್ಳೋರು ಯಾರ್ರೀ?”

“ಏನನ್ನು ನೋಡಿಕೊಳ್ಳಬೇಕು ಮೇಡಂ?”

“ಅದು ಈಗ ಗೊತ್ತಿಲ್ರೀ. ಆದ್ರ ಏನರೆ ಆಗೇ ಆಗತದಲ್ಲ.”

ಮೇಡಂ ಮಾತು ಮುಗಿಸುವುದಕ್ಕೂ ಮೈಕು ಕೊರ್ರೆನ್ನುವುದಕ್ಕೂ ಸರಿಹೋಯಿತು. ಆ ಧ್ವನಿ ನಮ್ಮ ಕುಲದವರಿಗೆ ಅಳುವ ಕೂಸಿನ ಧ್ವನಿಯಿದ್ದಂತೆ. ಗೋಡೆಗೆ ಗೋಡೆಯೇ ಕದಲಿತು. ಒಬ್ಬರು ವಯರು ಹಿಡಿದರು, ಇನ್ನೊಬ್ಬರು ಅದೇ ವಯರಿನ ಇನ್ನೊಂದು ತುದಿಯನ್ನು ಕಿತ್ತರು, ಮಂಗಳೂರಿನವರು ಸ್ವಿಚ್ ಬೋರ್ಡಿನ ಕಡೆಗೂ, ಮೈಸೂರಿನವರು ಜನರೇಟರಿನ ಕಡೆಗೂ ಓಡಿದರು. ಉಳಿದವರು ಬ್ಯಾಟರಿ ತರಲು ಪೇಟೆಗೆ ಹೋದರು. ಒಂದು ಕ್ಷಣದ ಹಿಂದೆ ಕೊರ್ರೆನ್ನುತ್ತಿದ್ದ ಮೈಕು ಸತ್ತಿತು. ಅದರೊಂದಿಗೆ ದೀಪಗಳೂ ಆರಿದವು, ಪಂಖಾಗಳೂ ನಿಂತವು. ಸಭಾಂಗಣದಲ್ಲಿ ಅಧ್ಯಕ್ಷರೂ ನಾನೂ ಮಾತ್ರ ಉಳಿದೆವು.

ಅವರ ಅಂದಿನ ಉಪನ್ಯಾಸದ ವಿಷಯ ‘ಕೆಲಸದಲ್ಲಿ ತಂಡಸ್ಫೂರ್ತಿ’. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಸಮಾಧಾನದಿಂದ ಹೇಳಿದರು: “ಇಷ್ಟೊಂದು ತಂಡಸ್ಫೂರ್ತಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಕೇಳುವುದಕ್ಕೆ ಒಬ್ಬರಾದರೂ ಇದ್ದಿದ್ದರೆ ಚೆನ್ನಾಗಿತ್ತು.”

ಮಧ್ಯಾಹ್ನ ನಾನು ಒಂದು ಉಪಾಯ ಮಾಡಿದೆ. ಅವರು ಹಿಂದಿನ ಗೋಡೆಯನ್ನು ಬಿಡುವುದಿಲ್ಲವಾದರೆ ವೇದಿಕೆಯನ್ನೇ ಅಲ್ಲಿಗೆ ಒಯ್ಯೋಣವೆಂದು ಮೇಜು, ಮೈಕು, ಹೂದಾನಿ ಎಲ್ಲವನ್ನೂ ಹಿಂದಿನ ಗೋಡೆಗೆ ಸಾಗಿಸಿ, ಕುರ್ಚಿಗಳನ್ನು ತಿರುಗಿಸಿದೆ. ಸಾಗಿಸಲು ಎಲ್ಲ ಸಂಯೋಜಕರೂ ಉತ್ಸಾಹದಿಂದ ಕೈಜೋಡಿಸಿದರು. ಕೆಲಸ ಮುಗಿದ ಮೇಲೆ ಕೈ ಒರೆಸಿಕೊಂಡು, ಎದುರಿನ ಗೋಡೆಗೆ ಹೋಗಿ ನಿಂತರು.

ಹೊರಟ ಬಸ್ಸು

ಎರಡನೆಯ ದಿನ ಮಧ್ಯಾಹ್ನ ಎಲ್ಲರನ್ನೂ ಚಂದಗುಳಿಯ ಘಂಟೆ ಗಣೇಶನ ದರ್ಶನಕ್ಕೆ ಕರೆದೊಯ್ಯುವ ಕಾರ್ಯಕ್ರಮವಿತ್ತು. ಪ್ರವಾಸಕ್ಕಾಗಿ ನಾನು ಒಂದು ವಾಟ್ಸಾಪ್ ಗುಂಪು ಮಾಡಿದೆ. ಆಗ ತಿಳಿಯಿತು, ಅಲ್ಲಿದ್ದ ಪ್ರತಿಯೊಬ್ಬ ಸಂಯೋಜಕರೂ ಅದೇ ಪ್ರವಾಸಕ್ಕೆ ಒಂದೊಂದು ಗುಂಪು ಮಾಡಿದ್ದಾರೆ, ಮತ್ತು ಎಲ್ಲ ಗುಂಪುಗಳಿಗೂ ಎಲ್ಲರನ್ನೂ ಸೇರಿಸಿದ್ದಾರೆ. ‘ಬಸ್ಸಿನಲ್ಲಿ ನೀರು ಇದೆ’ ಎಂದು ಒಬ್ಬರು ಬರೆದರೆ, ಜವಾಬ್ದಾರಿಯುತರಾದ ಉಳಿದವರು ಅದನ್ನು ತಂತಮ್ಮ ಗುಂಪಿಗೆ ದಾಟಿಸುತ್ತಿದ್ದರು. ಫೋನುಗಳು ಬಿಸಿಯಾಗಿ ಕೈಯಲ್ಲಿ ಹಿಡಿಯಲಾಗದಂತಾದವು.

ಹೊರಡುವ ಹೊತ್ತಿಗೆ ಯಾರೋ ತಮ್ಮ ಗುಂಪಿನಲ್ಲಿ ‘ಬಸ್ಸು ಹೊರಡುತ್ತಿದೆ’ ಎಂದು ಬರೆದರು. ಮುಂದಿನ ಗುಂಪಿನಲ್ಲಿ ಅದು ‘ಬಸ್ಸು ಹೊರಟಿದೆ’ ಎಂದಾಯಿತು. ಅದರ ಮುಂದಿನದರಲ್ಲಿ ‘ಬಸ್ಸು ತಲುಪಿದೆ, ಎಲ್ಲರೂ ಕ್ಷೇಮ’. ಇದನ್ನು ಓದಿದ ಅರ್ಧ ಜನ, ತಮಗೆ ಬಸ್ಸು ತಪ್ಪಿತೆಂದು ಆಟೋ ಹಿಡಿಯಲು ಓಡಿದರು. ನಾನು ಗಾಬರಿಯಿಂದ ರಸ್ತೆಗೆ ಬಂದರೆ, ಎದುರಿನ ಹೋಟೆಲಿನಿಂದ ಚಾಲಕರು ಲೋಟ ಹಿಡಿದುಕೊಂಡೇ ಹೊರಬಂದರು. ಅವರನ್ನೂ ಯಾರೋ ಗುಂಪಿಗೆ ಸೇರಿಸಿದ್ದರು.

“ಮೇಡಂ, ಬಸ್ಸು ತಲುಪಿತಂತೆ. ಯಾರು ಹೊಡ್ಕೊಂಡು ಹೋದ್ರು? ನಾನಿನ್ನೂ ಚಾ ಕುಡೀತಿದ್ದೆ.”

ಅಂತೂ ಚಂದಗುಳಿಗೆ ಹೋದೆವು. ಅಲ್ಲಿ ಹರಕೆ ಈಡೇರಿದವರು ಗಂಟೆ ಕಟ್ಟುವ ರೂಢಿ. ಎಲ್ಲಿ ನೋಡಿದರೂ ಗಂಟೆಗಳು. ಬೆಳಿಗ್ಗೆಯಷ್ಟೇ ‘ಸೇರಿದ ಅಭ್ಯರ್ಥಿಗಳು ಮತ್ತೆ ಮತ್ತೆ ಬರುವಂತೆ ಮಾಡುವುದು ಹೇಗೆ’ ಎಂಬ ವಿಷಯದ ಮೇಲೆ ಬಹಳ ಹೊತ್ತು ಮಾತನಾಡಿದ್ದ ಅಧ್ಯಕ್ಷರು, ತಲೆಯೆತ್ತಿ ನೋಡುತ್ತಾ ಅರ್ಚಕರನ್ನು ಕೇಳಿದರು.

“ಇಷ್ಟೆಲ್ಲ ಗಂಟೆ ಕಟ್ಟಿದವರು ಯಾರು?”

“ಕೆಲಸ ಆದವರು.”

“ಕೆಲಸ ಆಗದವರು ಏನು ಮಾಡುತ್ತಾರೆ?”

“ಅವರು ಇನ್ನೊಂದು ಸಲ ಬರ್ತಾರೆ” ಎಂದು ಹೇಳಿ ಅರ್ಚಕರು ಒಳಗೆ ಹೋದರು.

ಅಧ್ಯಕ್ಷರು ತಮ್ಮ ಉಪನ್ಯಾಸದ ಪ್ರತಿಯನ್ನು ಕಿಸೆಯಿಂದ ತೆಗೆದು, ಒಮ್ಮೆ ನೋಡಿ, ಮಡಿಸಿ ಮತ್ತೆ ಒಳಗಿಟ್ಟುಕೊಂಡರು. ನಾನು ದೇವರ ಮುಂದೆ ಕಣ್ಣುಮುಚ್ಚಿ ನಿಂತು ಕೇಳಿಕೊಂಡದ್ದು ಏನೆಂದು ಬೇರೆ ಹೇಳಬೇಕಾಗಿಲ್ಲ. ಪಕ್ಕದಲ್ಲಿ ನಿಂತಿದ್ದ ಧಾರವಾಡದ ಮೇಡಂ ಮಾತ್ರ ಗಟ್ಟಿಯಾಗಿಯೇ ಬೇಡಿಕೊಂಡರು: “ಗಣಪ್ಪಾ, ನಾಳೆ ಪ್ರೊಜೆಕ್ಟರ್ ಚಾಲೂ ಆಗ್ಲಿ.”

ಅಡ್ಡಿಲ್ಲ

ಮೂರನೆಯ ದಿನ ಬೆಳಿಗ್ಗೆ ನನ್ನ ಕನ್ನಡ ತಂಡ ಬಂತು. ಬಂತು ಎನ್ನುವುದಕ್ಕಿಂತ ಇಳಿಯಿತು ಎನ್ನಬೇಕು. ಸಾಹೇಬರು ಹೇಳಿದ ಮಾತಿಗೆ ತಪ್ಪದೆ ಬಸ್ಸನ್ನೇ ಮಾಡಿಸಿದ್ದರು. ಅದರಿಂದ ಮೊದಲು ಅವರ ತಾಯಿ, ಆಮೇಲೆ ಅವರ ಹೆಂಡತಿ, ಅಣ್ಣಂದಿರು, ಅತ್ತಿಗೆಯರು ಇಳಿದರು. ಮಾಗೋಡಿನ ಅಕ್ಕ ಅದೇ ಬಸ್ಸಿನಲ್ಲಿ ಗಂಡ, ನಾದಿನಿ, ಅತ್ತೆಯವರೊಂದಿಗೆ ಬಂದಿದ್ದರು. ಸಿದ್ದಾಪುರದ ಕಡೆಯಿಂದ ಭಟ್ಟರು ಮೂರು ಜೀಪು ತುಂಬ ಜನ ತಂದರು. ಮುಂದಿನ ಜೀಪಿನಲ್ಲಿ ಶಾಲು ಹೊದ್ದು ಅವರ ವೃದ್ಧ ತಂದೆ. ನಮ್ಮ ಸಂಸ್ಥೆಯ ನಿರ್ದೇಶಕರು, ಅವರು ಶಿರಸಿಯವರೇ, ಬಾಗಿಲಲ್ಲಿ ನಿಂತು ನೋಡಿ, ನನ್ನ ಕಿವಿಯಲ್ಲಿ ಕೇಳಿದರು: “ಕೂಸೇ, ಎಂತ ಹೇಳಿ ಕರದ್ದೆ ನೀನು?”

“ಮನೆಯವರೆಲ್ಲ ಬನ್ನಿ ಎಂದೆ ಸರ್.”

“ಬಂದ್ವಲೇ!” ಎಂದು ಅವರು ಅಡುಗೆಯವರ ಕಡೆಗೆ ಓಡಿದರು.

ಒಂದು ಲಾಭವಾಯಿತು. ಮೂರು ದಿನಗಳಲ್ಲಿ ಮೊದಲ ಬಾರಿಗೆ ಕುರ್ಚಿಗಳು ತುಂಬಿದವು. ಅಧ್ಯಕ್ಷರ ಮುಖ ಅರಳಿತು. ಅವರು ಮೈಕು ಹಿಡಿದು ನೇರವಾಗಿ ವಿಷಯಕ್ಕೆ ಬಂದು, ಭಟ್ಟರನ್ನು ಕೇಳಿದರು.

“ಕನ್ನಡದಲ್ಲಿ ನಡೆದ ಪಾಠ ಹೇಗಿತ್ತು?”

ಭಟ್ಟರು ಎದ್ದುನಿಂತು ಶಲ್ಯ ಸರಿಪಡಿಸಿಕೊಂಡರು. ಆಮೇಲೆ ಹೇಳಿದರು: “ಅಡ್ಡಿಲ್ಲ.”

ಅಧ್ಯಕ್ಷರು ಕಾದರು. ಭಟ್ಟರು ಕುಳಿತರು.

“ನಿಮಗೆ ಉಪಯೋಗವಾಯಿತೇ?” ಎಂದು ಮಾಗೋಡಿನ ಅಕ್ಕನನ್ನು ಕೇಳಿದರು.

“ಆಗದೆ ಎಂತ?”

“ಅಂದರೆ ಬಹಳ ಉಪಯೋಗವಾಯಿತೆಂದೇ?”

“ಬಹಳ ಅಂತ ಹೇಗೆ ಹೇಳುವುದು? ಆಯ್ತು.”

“ಸಾಹೇಬರೇ, ನೀವು ಬೇರೆಯವರಿಗೂ ಸೇರಿಕೊಳ್ಳಲು ಹೇಳುತ್ತೀರಾ?”

ತರಗತಿಯಲ್ಲಿ ಬಾಯಿ ಮುಚ್ಚದ ಸಾಹೇಬರು ತಲೆ ಕೆರೆದುಕೊಂಡರು. “ಅದು ಅವರವರ ಇಷ್ಟ ಸಾರ್. ನಾವ್ಯಾಕೆ ಹೇಳೋದು?”

ಅಧ್ಯಕ್ಷರು ಕೊನೆಯ ಭರವಸೆಯೆಂಬಂತೆ ನಮ್ಮ ನಿರ್ದೇಶಕರ ಕಡೆಗೆ ತಿರುಗಿದರು. “ನಿಮ್ಮ ಅಭಿಪ್ರಾಯವೇನು? ಈ ತಂಡವನ್ನು ಮುಂದುವರಿಸಬೇಕೇ?”

ನಿರ್ದೇಶಕರು ದೀರ್ಘವಾಗಿ ಆಲೋಚಿಸಿದರು. “ನಡೆಸಬಹುದು” ಎಂದರು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಈ ಮೂರು ತಾಲೂಕುಗಳಲ್ಲಿ ಎದುರಿಗೆ ಹೊಗಳುವುದು ಸಭ್ಯತೆಯಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ, ಇಲ್ಲವೇ ಹೊಗಳಿದವರಿಗೆ ಏನೋ ಸಾಲ ಬೇಕಾಗಿದೆಯೆಂದು ಅರ್ಥವಾಗುತ್ತದೆ. ಜೀವನದ ಅತ್ಯುತ್ತಮ ಊಟ ಉಂಡೆದ್ದವರೂ “ಅಡ್ಡಿಲ್ಲ” ಎಂದೇ ಕೈ ತೊಳೆಯುತ್ತಾರೆ. ಇದನ್ನೆಲ್ಲ ನಾನು ವೇದಿಕೆಯ ಪಕ್ಕದಲ್ಲಿ ಅಧ್ಯಕ್ಷರಿಗೆ ಉಸಿರು ಬಿಡದೆ ವಿವರಿಸಿದೆ. ಅವರು ಮರುಕದಿಂದ ನನ್ನನ್ನು ನೋಡಿದರು.

“ನೀವು ಸಾಹಿತ್ಯ ಓದಿದವರು, ಮಾತಿನ ಹಿಂದೆ ಏನಿದೆಯೆಂದು ಹುಡುಕುತ್ತೀರಿ. ನಾನು ಹೇಳಿದ್ದನ್ನಷ್ಟೇ ಕೇಳಿಸಿಕೊಳ್ಳುವವನು. ಊಟವಾಗಲಿ, ತಿಳಿಸುತ್ತೇನೆ.”

ಅವರ ಧ್ವನಿಯಲ್ಲಿಯೇ ತೀರ್ಪು ಗೊತ್ತಾಗುತ್ತಿತ್ತು. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ನಿರ್ದೇಶಕರನ್ನು ಮೂಲೆಗೆ ಕರೆದು, “ಸರ್, ನೀವಾದರೂ ಒಂದು ಒಳ್ಳೆಯ ಮಾತು ಆಡಬಾರದಿತ್ತೇ?” ಎಂದೆ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಆಡಿದ್ನಲೇ! ‘ನಡೆಸಬಹುದು’ ಹೇಳಿ ಬಾಯಿಬಿಟ್ಟು ಹೇಳಿದ್ದಿ. ಹೆಣ್ಣು ನೋಡಲೆ ಹೋದಾಗ ನನ್ನ ಹೆಂಡ್ತಿ ಬಗ್ಗೂ ಆನು ಇಷ್ಟು ಹೇಳಿದ್ದಿಲ್ಲೆ.”

ಪಂಕ್ತಿ

ಜನ ಹೆಚ್ಚಾದ್ದರಿಂದ ಊಟಕ್ಕೆ ಎರಡು ಪಂಕ್ತಿ ಮಾಡಬೇಕಾಯಿತು. ಸಭಾಂಗಣದ ನೆಲದ ಮೇಲೆ ಬಾಳೆಲೆ ಹಾಕಿ ಮೊದಲನೆಯ ಪಂಕ್ತಿಗೆ ಅತಿಥಿಗಳನ್ನು ಕೂರಿಸಿದೆವು. ಅಧ್ಯಕ್ಷರು ನಡುವೆ, ಅವರ ಬಲಕ್ಕೆ ಭಟ್ಟರು, ಅವರಾಚೆ ಭಟ್ಟರ ತಂದೆ, ಎಡಕ್ಕೆ ಸಾಹೇಬರು, ಎದುರಿನ ಸಾಲಿನಲ್ಲಿ ಮಾಗೋಡಿನ ಅಕ್ಕ ಮತ್ತು ಅವರ ಅತ್ತೆ. ಎರಡನೆಯ ಪಂಕ್ತಿಯವರು ಹೊರಗೆ ಜಗಲಿಯಲ್ಲಿ ಕಿಟಕಿಗೆ ಮುಖವಿಟ್ಟು ಕಾಯುತ್ತಿದ್ದರು. ಸಂಯೋಜಕರು ಯಾರೂ ಕೂರಲಿಲ್ಲವೆಂದು ಹೇಳಬೇಕಾಗಿಲ್ಲ. ನಾಡಿನ ನಾನಾ ಕಡೆಗಳಿಂದ ವೃತ್ತಿ ಅಭಿವೃದ್ಧಿಗೆಂದು ಬಂದವರು ಸೊಂಟಕ್ಕೆ ಸೆರಗು, ಟವೆಲ್ಲು ಕಟ್ಟಿ ಬಡಿಸುತ್ತಿದ್ದರು. ಧಾರವಾಡದ ಮೇಡಂ ಪಾಯಸದ ಬಕೆಟ್ ಹಿಡಿದಿದ್ದರು. ನಾನು ಅನ್ನದ ಪಾತ್ರೆ ಹಿಡಿದು, ಮನಸ್ಸಿನಲ್ಲಿಯೇ ಕನ್ನಡ ತಂಡಕ್ಕೆ ವಿದಾಯ ಹೇಳುತ್ತಾ ಸಾಲಿನಲ್ಲಿ ಸಾಗುತ್ತಿದ್ದೆ.

ಮಾವಿನಕಾಯಿಯ ಅಪ್ಪೆಹುಳಿ ಬಡಿಸುವ ಹೊತ್ತಿಗೆ ಭಟ್ಟರು ಅಧ್ಯಕ್ಷರ ಎಲೆಯ ಮೇಲಿಂದ ಬಾಗಿ ಸಾಹೇಬರಿಗೆ ಹೇಳಿದರು. “ಸಾಹೇಬ್ರೇ, ಬರೋ ವರ್ಷದ ತಂಡಕ್ಕೆ ನಮ್ಮ ತಮ್ಮನಿಗೆ ಒಂದು ಜಾಗ ಆಯ್ತು, ನೆನಪಿರಲಿ.”

“ಆಗಲಿ ಭಟ್ರೇ. ಆದ್ರೆ ನಮ್ಮ ಮನೆಯವರಾದ ಮೇಲೆ.”

“ಅವರು ಯಾಕೆ ಮೊದಲು?”

“ಅವರು ವರ್ಷದಿಂದ ಕಾಯ್ತಿದ್ದಾರೆ. ನಾನು ಕ್ಲಾಸಿಂದ ಹೋದ ಕೂಡ್ಲೇ ಪುಸ್ತಕ ಕಸ್ಕೊಂಡು ಓದ್ತಾರೆ. ಈಗ ಡೀಸೆಲ್ ಬಗ್ಗೆ ನನ್ನನ್ನೇ ಪ್ರಶ್ನೆ ಕೇಳ್ತಾರೆ. ಅವರನ್ನು ಸೇರಿಸದಿದ್ರೆ ನನಗೆ ಮನೆಯಲ್ಲಿ ಇರೋಕಾಗಲ್ಲ!”

ಎದುರಿನ ಸಾಲಿನಿಂದ ಮಾಗೋಡಿನ ಅಕ್ಕ ತಲೆಯೆತ್ತಿದರು. “ಅದೆಲ್ಲ ಆಗುವುದಿಲ್ಲ. ನಮ್ಮ ನಾದಿನಿಗೆ ಜಾಗ ಹೇಳಿ ಎಷ್ಟು ದಿನ ಆಯ್ತು!”

“ನಾದಿನಿ ಆಮೇಲೆ. ಮೊದಲು ನಾನು” ಎಂದರು ಅವರ ಅತ್ತೆ. “ಎಂತ, ವಯಸ್ಸಿನ ಮಿತಿ ಉಂಟಾ?”

ಮಾತು ಏರಿತು. ಭಟ್ಟರು ತಮ್ಮನ ಪರವಾಗಿ ಎಡಗೈ ಬೀಸಿದರು. ಸಾಹೇಬರು, “ಸಿದ್ದಾಪುರದವರು ಯಾವಾಗಲೂ ಹೀಗೇ” ಎಂದರು. ಪಂಕ್ತಿಯ ಕೊನೆಯಿಂದ ಯಾರೋ, “ಹಾಗಾದ್ರೆ ನಮಗೆ ಜಾಗವೇ ಇಲ್ವಾ?” ಎಂದು ಕೂಗಿದರು. ನಡುವೆ ಕುಳಿತಿದ್ದ ಅಧ್ಯಕ್ಷರು ಕಲಸಿದ ತುತ್ತನ್ನು ಹಾಗೆಯೇ ಹಿಡಿದುಕೊಂಡು ಬಲಕ್ಕೂ ಎಡಕ್ಕೂ ನೋಡಿದರು.

“ಸ್ವಲ್ಪ ಇರಿ. ಬೆಳಿಗ್ಗೆ ಪಾಠ ಅಷ್ಟಕ್ಕಷ್ಟೇ ಎಂದಿರಲ್ಲ?”

“ಯಾರು ಹೇಳಿದ್ದು?” ಭಟ್ಟರು ಹೌಹಾರಿದರು.

“ನೀವೇ! ಅಡ್ಡಿಲ್ಲ ಎಂದಿರಿ.”

“ಹೌದಲ್ಲ ಸರ್. ಅದಕ್ಕಿಂತ ಹೆಚ್ಚು ಹೇಳಿದ್ರೆ ಈ ಮನುಷ್ಯ ಸುಳ್ಳು ಹೇಳ್ತಾನೆ ಅಂತ ತಿಳ್ಕೊಳ್ತಿದ್ರಿ.”

ಅಷ್ಟರಲ್ಲಿ ಜಾಗಗಳು ಮುಗಿಯುತ್ತಿವೆ ಎಂಬ ಸುದ್ದಿ ಕಿಟಕಿಯ ಮೂಲಕ ಜಗಲಿಗೆ ತಲುಪಿತು. ಹಸಿದು ಕಾಯುತ್ತಿದ್ದ ಎರಡನೆಯ ಪಂಕ್ತಿಯವರು ಊಟವನ್ನು ಮರೆತರು. ಸಾಹೇಬರ ಹೆಂಡತಿ ಬಾಗಿಲಿಗೆ ಬಂದು, ಪಾಯಸದ ಬಕೆಟ್ ಹಿಡಿದು ನಿಂತಿದ್ದ ಧಾರವಾಡದ ಮೇಡಂ ಅವರನ್ನು ಕೇಳಿದರು: “ಮೇಡಂ, ಹೆಸರು ಎಲ್ಲಿ ಹೇಳಬೇಕು?”

ಈ ಪ್ರಶ್ನೆಗೆ ಗೊತ್ತಿಲ್ಲವೆಂದು ಉತ್ತರಿಸಬಲ್ಲ ಸಂಯೋಜಕರು ಇನ್ನೂ ಹುಟ್ಟಿಲ್ಲ. ಮೇಡಂ ಬಕೆಟನ್ನು ನಡುದಾರಿಯಲ್ಲಿಯೇ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, “ಇತ್ತ ಬರ್ರಿ. ಸಾಲಾಗಿ ನಿಲ್ರಿ. ಒಬ್ಬೊಬ್ರ ಹೇಳ್ರಿ” ಎಂದರು.

ಆ ಧ್ವನಿಗೆ ಸೌಟುಗಳೆಲ್ಲ ಏಕಕಾಲಕ್ಕೆ ಕೆಳಗಿಳಿದವು. ಮೂರು ದಿನಗಳಿಂದ ಮಾಡಲು ಕೆಲಸವಿಲ್ಲದೆ ಗೋಡೆಗೆ ಒರಗಿದ್ದ ಜನ! ಜಗಲಿಯಲ್ಲಿ ಮೇಜು ಬಂತು, ಮೇಜಿನ ಮೇಲೆ ಬಟ್ಟೆ ಬಂತು, ಮೈಸೂರಿನವರು ಹೂದಾನಿ ತಂದಿಟ್ಟರು. ಮಂಗಳೂರಿನವರು ಮಹಿಳೆಯರಿಗೆ, ಹಿರಿಯರಿಗೆ ಪ್ರತ್ಯೇಕ ಸಾಲು ಮಾಡಿದರು. ‘ವಿಚಾರಣೆ’ ಎಂಬ ಫಲಕವನ್ನು ಯಾರು ಎಲ್ಲಿಂದ ತಂದರೋ ದೇವರಿಗೇ ಗೊತ್ತು. ಒಳಗೆ ಪಂಕ್ತಿಯಲ್ಲಿ ಬಡಿಸಲು ಉಳಿದವಳು ನಾನೊಬ್ಬಳೇ.

ಕಿಟಕಿಯಾಚೆ ಬೆಳೆಯುತ್ತಿದ್ದ ಸಾಲನ್ನು ಕಂಡು ಅಧ್ಯಕ್ಷರು ಏಳಲು ಹೋದರು. ನಿರ್ದೇಶಕರು ಅವರ ಭುಜದ ಮೇಲೆ ವಿನಯದಿಂದ ಕೈಯಿಟ್ಟರು. “ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವ ಹಾಗಿಲ್ಲ ಸರ್. ನಮ್ಮ ಕಡೆಯ ಪದ್ಧತಿ.”

ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರು ಭಟ್ಟರ ತಂದೆ. ಅವರ ಎಲೆ ಆಗಲೇ ಖಾಲಿಯಾಗಿತ್ತು. ಅವರು ಕಿಟಕಿಯ ಕಡೆಗೊಮ್ಮೆ, ಅಧ್ಯಕ್ಷರ ಕಡೆಗೊಮ್ಮೆ, ಆಮೇಲೆ ನನ್ನ ಮುಖದ ಕಡೆಗೊಮ್ಮೆ ನೋಡಿದರು.

“ಕೂಸೇ, ಇನ್ನೂ ಚೂರು ಅನ್ನ ಹಾಕು.”

ಹಾಕಿದೆ. ಅವರು ಅದನ್ನು ಒಂದೊಂದೇ ಅಗುಳಾಗಿ ಉಂಡರು. ಅಧ್ಯಕ್ಷರು ಮತ್ತೆ ಮೊಣಕಾಲು ಊರಿದರು.

“ಮಜ್ಜಿಗೆ ಇದ್ದನೆ?”

ತಂದು ಬಡಿಸಿದೆ. ಅವರು ಮಜ್ಜಿಗೆ ಕುಡಿದು, ಉಪ್ಪು ಸಾಲದೆಂದು ಉಪ್ಪು ತರಿಸಿ, ಉಪ್ಪು ಹೆಚ್ಚಾಯಿತೆಂದು ಮತ್ತೆ ಮಜ್ಜಿಗೆ ಹಾಕಿಸಿಕೊಂಡರು. ನಾನು ಅಷ್ಟು ಭಕ್ತಿಯಿಂದ ಯಾರಿಗೂ ಬಡಿಸಿದವಳಲ್ಲ. ಜಗಲಿಯಲ್ಲಿ ಹೆಸರು ಬರೆಸುವವರ ಸದ್ದು ಅಡಗಿದ ಮೇಲೆ ಅವರು, “ಸಾಕು. ಅಡ್ಡಿಲ್ಲೆ” ಎಂದು ನಿಧಾನವಾಗಿ ಎದ್ದರು.

ಅಧ್ಯಕ್ಷರು ಕೈ ತೊಳೆದು ಜಗಲಿಗೆ ಬರುವ ಹೊತ್ತಿಗೆ ಧಾರವಾಡದ ಮೇಡಂ ಮೇಜಿನ ಬಟ್ಟೆ ಮಡಿಸುತ್ತಿದ್ದರು.

“ಇದು ಯಾವುದರ ಸಾಲು?”

“ಕನ್ನಡ ತಂಡದ್ದ್ರೀ ಸರ. ಭರ್ತಿ ಆತು. ಇನ್ನ ಬಂದವ್ರಿಗೆ ಕಾಯ್ರಿ ಅಂತ ಹೇಳೇವಿ.”

“ಆದರೆ ಮೇಡಂ, ಆ ತಂಡಕ್ಕೆ ನಾನು ಇನ್ನೂ ಒಪ್ಪಿಗೆಯನ್ನೇ ಕೊಟ್ಟಿಲ್ಲವಲ್ಲ!”

ಮೇಡಂ ಒಂದಿಷ್ಟೂ ವಿಚಲಿತರಾಗಲಿಲ್ಲ. “ಅದು ಗೊತ್ತೈತ್ರೀ ಸರ. ನೀವು ಊಟಕ್ಕ ಕುಂತಿದ್ರಿ. ಸಣ್ಣ ಕೆಲಸಕ್ಕ ನಿಮ್ಮನ್ನ ಎಬ್ಬಸೂದು ಬ್ಯಾಡಂತ ಬಿಟ್ವಿ.”

ಅಧ್ಯಕ್ಷರು ಜಗಲಿಯಿಂದಿಳಿದರು. ಹೆಸರು ಹೇಳಿ ಮುಗಿಸಿದವರು, ಜಾಗ ಸಿಗದೆ ಇನ್ನೂ ನಿಂತವರು, ಮಾಗೋಡಿನ ಅಕ್ಕನ ಅತ್ತೆ, ಎಲ್ಲರ ಮುಖಗಳನ್ನೂ ನೋಡುತ್ತಾ ಸಾಲಿನ ತಲೆಯಿಂದ ಗೇಟಿನಾಚೆಯ ತುದಿಯವರೆಗೆ ನಡೆದು ಹೋಗಿ ಬಂದರು. ಬಂದವರೇ ವೇದಿಕೆಯೇರಿ ಮೈಕು ಹಿಡಿದರು. ನನ್ನ ಕೈಯಲ್ಲಿ ಅನ್ನದ ಸೌಟು ಹಾಗೆಯೇ ಇತ್ತು.

“ಕನ್ನಡ ತಂಡ ಮುಂದುವರಿಯುತ್ತದೆ” ಎಂದರು ಅಧ್ಯಕ್ಷರು. “ಇಷ್ಟು ಜನರಿಗೆ ಒಂದು ತಂಡ ಸಾಲುವುದಿಲ್ಲ. ಒಂದು ಶಿರಸಿಯಲ್ಲಿ, ಇನ್ನೊಂದು ಯಲ್ಲಾಪುರದಲ್ಲಿ.”

“ಸಿದ್ದಾಪುರದವರು ಎಂತ ಪಾಪ ಮಾಡಿದ್ದು?” ಎಂದು ಮೂರು ಜೀಪಿನ ಜನ ಒಟ್ಟಿಗೆ ಕೂಗಿದರು.

ಅಧ್ಯಕ್ಷರು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಜಗಲಿಯಲ್ಲಿದ್ದವರಿಗೂ ಕೇಳುವಂತೆ ಘೋಷಿಸಿದರು.

“ಮೂರೂ ಕಡೆ ನಡೆಯುತ್ತದೆ. ಬರುವ ತಿಂಗಳಿನಿಂದಲೇ. ಈಗ ಎರಡನೆಯ ಪಂಕ್ತಿಯವರು ಊಟಕ್ಕೆ ಬನ್ನಿ.”